ಕೌದಿ, ಕಲೆ ಮತ್ತು ಹೆಸರು

ವಿಭಾಗದ ಸ್ಮರಣ ಸಂಪುಟಕ್ಕೆ ಒಂದು ಬರಹ ಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಬಹುಕಾಲದಿಂದ ಮನಸ್ಸಿನಲ್ಲಿ ಉಳಿದುಕೊಂಡಿದ್ದ ಒಂದು ಪ್ರಶ್ನೆಯನ್ನು ಕುರಿತು ಬರೆಯುವುದೇ ಸೂಕ್ತವೆನಿಸಿತು. ಕೌದಿ ಹೊಲಿಯುವ ಹೆಂಗಸು ತನ್ನನ್ನು ಕಲಾವಿದೆ ಎಂದು ಭಾವಿಸಿಕೊಳ್ಳಬೇಕೆ ಎಂಬುದು ಆ ಪ್ರಶ್ನೆ. ಕೌದಿ ಕಲೆಯೋ ಅಲ್ಲವೋ ಎಂಬುದು ಇದಕ್ಕಿಂತ ಸುಲಭವಾದ ಪ್ರಶ್ನೆ. ನಮ್ಮ ಜಾನಪದದ ಪಠ್ಯಗಳು ಅದಕ್ಕೆ ಎಂದೋ ಉತ್ತರ ಕೊಟ್ಟಿವೆ. ರಂಗೋಲಿ, ಹಸೆ, ಕಸೂತಿ, ಬುಟ್ಟಿ ಹೆಣಿಗೆಗಳ ಸಾಲಿನಲ್ಲಿ ಕೌದಿಯನ್ನೂ ಕೂರಿಸಿ, ಜನಪದ ಕಲೆ ಎಂಬ ಶೀರ್ಷಿಕೆ ಕೊಟ್ಟು ಮುಂದೆ ಹೋಗಿವೆ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹಾಗೆಯೇ ಬರೆಯುತ್ತಾರೆ. ಪರೀಕ್ಷಕರಾದ ನಾವು ಅಂಕ ಕೊಡುತ್ತೇವೆ. ಆದರೆ ಕೌದಿಯನ್ನು ಕಲೆಯೆಂದು ಒಪ್ಪಿಕೊಂಡ ಆ ಪುಟಗಳಲ್ಲಿ ಕೌದಿ ಹೊಲಿದ ಒಬ್ಬಳ ಹೆಸರೂ ಸಾಮಾನ್ಯವಾಗಿ ಸಿಗುವುದಿಲ್ಲ. ಕಲೆ ಇದೆ, ಕಲಾವಿದೆ ಇಲ್ಲ. ಈ ವಿಚಿತ್ರ ಹೇಗೆ ಉಂಟಾಯಿತು, ಅದರಿಂದ ಯಾರಿಗೆ ಏನು ನಷ್ಟ, ಹೊಲಿಯುವವಳು ತನ್ನ ಬಗೆಗೆ ಏನೆಂದು ತಿಳಿದುಕೊಂಡರೆ ಒಳಿತು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ವಿಚಾರ ಮಾಡಿದ್ದೇನೆ.

ಕೌದಿಯ ಬಳಗ ದೊಡ್ಡದು. ಮಹಾರಾಷ್ಟ್ರದಲ್ಲಿ ಅದು ಗೋಧಡಿ, ಬಂಗಾಳದಲ್ಲಿ ಕಾಂಥಾ, ಬಿಹಾರದಲ್ಲಿ ಸುಜನಿ, ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಜನರಲ್ಲಿ ಕವಂದಿ. ಸಂಸ್ಕೃತದ ಕಂಥಾ ಶಬ್ದ ಬಂಗಾಳಿಯಲ್ಲಿ ಕಾಂಥಾ ಆಗಿ ಮೆರೆದರೆ, ಕನ್ನಡದಲ್ಲಿ ಕಂತೆಯಾಗಿ ತನ್ನ ಮಾನವನ್ನು ಕಳೆದುಕೊಂಡಿತು. ಕಂತೆಗೆ ತಕ್ಕ ಬೊಂತೆ ಎಂಬ ಗಾದೆಯಲ್ಲಿ ಎರಡು ಶಬ್ದಗಳೂ ತೇಪೆ ಹಚ್ಚಿದ ಹರಕು ಹೊದಿಕೆಯನ್ನೇ ಸೂಚಿಸುತ್ತವೆ. ಎರಡರಲ್ಲೂ ತಿರಸ್ಕಾರದ ಧ್ವನಿಯಿದೆ. ಆದರೆ ಇದೇ ಬೊಂತೆಯನ್ನು ಹೆಸರಿನ ಭಾಗವಾಗಿಯೇ ಧರಿಸಿದ ಒಬ್ಬ ಹೆಣ್ಣುಮಗಳು ನಮ್ಮ ಸಾಹಿತ್ಯ ಚರಿತ್ರೆಯಲ್ಲಿದ್ದಾಳೆ. ಹನ್ನೆರಡನೆಯ ಶತಮಾನದ ವಚನಕಾರ್ತಿ ಬೊಂತಾದೇವಿಗೆ ಆ ಹೆಸರು ಬಂದದ್ದು ಆಕೆ ಹೊದ್ದ ಬೊಂತೆಯಿಂದ ಎಂದು ಐತಿಹ್ಯ ಹೇಳುತ್ತದೆ. ಗಾದೆಯ ತಿರಸ್ಕಾರ ಒಂದು ಕಡೆ, ಶರಣೆಯ ಗೌರವ ಇನ್ನೊಂದು ಕಡೆ. ಹರಕು ಬಟ್ಟೆಯನ್ನು ಕುರಿತ ನಮ್ಮ ಮನೋಭಾವ ಇವೆರಡರ ನಡುವೆ ಇಂದಿಗೂ ತೂಗಾಡುತ್ತಿದೆ.

ಕೌದಿಯನ್ನು ನಾನು ಹತ್ತಿರದಿಂದ ಕಂಡದ್ದು ನಮ್ಮ ದೊಡ್ಡವ್ವನ ಕೈಯಲ್ಲಿ. ಇಂಡಿ ತಾಲೂಕಿನ ಒಂದು ಹಳ್ಳಿಯಿಂದ ಮದುವೆಯಾಗಿ ಪರೇಲಿನ ಚಾಳಿಗೆ ಬಂದವಳು ಆಕೆ. ದೊಡ್ಡಪ್ಪ ಬಟ್ಟೆ ಗಿರಣಿಯ ನೇಯ್ಗೆ ಖಾತೆಯಲ್ಲಿದ್ದರು. ಒಂದೇ ಖೋಲಿಯ ಮನೆ. ಕೌದಿ ಹಾಸಲು ಅಲ್ಲಿ ಜಾಗವಿರಲಿಲ್ಲ. ಮಧ್ಯಾಹ್ನ ನೀರು ತುಂಬಿ ಮುಗಿದು, ಗಂಡಸರು ಪಾಳಿಗೆ ಹೋದ ಮೇಲೆ, ಚಾಳಿನ ಗ್ಯಾಲರಿಯ ಉದ್ದಕ್ಕೆ ಹಳೆಯ ಸೀರೆಯೊಂದನ್ನು ಹಾಸಿ, ಅದು ಸುಕ್ಕಾಗದಂತೆ ನಾಲ್ಕು ಮೂಲೆಗೂ ಭಾರ ಇಡುತ್ತಿದ್ದಳು. ಅದರ ಮೇಲೆ ಹಳೆಯ ಧೋತರ, ಪಂಜೆ, ಹಾಸಿಗೆ ವಸ್ತ್ರಗಳ ಪದರ. ಎಲ್ಲಕ್ಕೂ ಮೇಲೆ ಬಣ್ಣದ ತುಂಡುಗಳು: ಗುಳೇದಗುಡ್ಡದ ಖಣ, ಇಳಕಲ್ ಸೀರೆಯ ಸೆರಗು, ಮಕ್ಕಳ ಅಂಗಿ, ದೊಡ್ಡಪ್ಪ ಗಿರಣಿಯಿಂದ ತರುತ್ತಿದ್ದ ಚಿಂದಿ. ಅಂಚಿನಿಂದ ಹೊಲಿಗೆ ಹಿಡಿದು, ಸಾಲಿನ ಪಕ್ಕಕ್ಕೆ ಸಾಲು ಸಮನಾಗಿ ಎಳೆಯುತ್ತ ಒಳಗೆ ಬರಬೇಕು. ಪದರಗಳೆಲ್ಲ ಒಂದಾಗುವಷ್ಟು ಬಿಗಿ ಬೇಕು, ಬಟ್ಟೆ ಮುದುಡದಷ್ಟು ಸಡಿಲವೂ ಬೇಕು. ಒಂದು ಕೌದಿಗೆ ಹತ್ತು ಹದಿನೈದು ಮಧ್ಯಾಹ್ನಗಳು ಹಿಡಿಯುತ್ತಿದ್ದವು. ಅಕ್ಕಪಕ್ಕದ ಮರಾಠಿ ಹೆಂಗಸರೂ ಬಂದು ಕೂತು ಒಂದೊಂದು ಸಾಲು ಹೊಲಿಯುತ್ತಿದ್ದುದುಂಟು. ಕೊನೆಯ ತುಂಡನ್ನು ಮುಚ್ಚುವ ಮೊದಲು ಹೋಳಿಗೆಯ ಚೂರೊಂದನ್ನು ಒಳಗಿಟ್ಟು, ಕೌದಿ ಉಪವಾಸ ಇರಬಾರದು ಎನ್ನುತ್ತಿದ್ದಳು.

ಇಷ್ಟರಲ್ಲಿ ಎಲ್ಲ ಕೌದಿಗಳೂ ಸಮಾನ. ನನ್ನ ಗಮನ ಸೆಳೆದದ್ದು ಇನ್ನೊಂದು ಸಂಗತಿ. ತುಂಡುಗಳನ್ನು ಹರಡಿದ ಮೇಲೆ ದೊಡ್ಡವ್ವ ತಕ್ಷಣ ಸೂಜಿ ಹಿಡಿಯುತ್ತಿರಲಿಲ್ಲ. ಎದ್ದು ನಿಂತು, ಗ್ಯಾಲರಿಯ ತುದಿಯವರೆಗೆ ಹೋಗಿ, ಅಲ್ಲಿಂದ ನೋಡುತ್ತಿದ್ದಳು. ಮತ್ತೆ ಬಂದು ಹಸಿರನ್ನು ತೆಗೆದು ಕಿರಮಂಜಿಯ ಪಕ್ಕಕ್ಕೆ ಇಡುತ್ತಿದ್ದಳು. ಒಮ್ಮೆ ಮೂರು ದಿನ ಹೊಲಿದಿದ್ದ ಒಂದು ಮೂಲೆಯನ್ನು ಪೂರಾ ಬಿಚ್ಚಿದಳು. ಏಕೆಂದು ಕೇಳಿದ್ದಕ್ಕೆ, "ಇಲ್ಲಿ ಬಾಯಿ ಭಾಳ ಮಾಡಾಕತ್ತೈತಿ ತಂಗಿ, ಉಳಿದವನ್ನ ಮಾತಾಡಾಕ ಬಿಡವಲ್ದು" ಎಂದಳು. ಅವಳು ಹೇಳಿದ್ದು ಹಳದಿ ಬಣ್ಣದ ಒಂದು ತುಂಡನ್ನು ಕುರಿತು. ಆ ತುಂಡು ಅಲ್ಲಿದ್ದರೂ ಕೌದಿ ಅಷ್ಟೇ ಬೆಚ್ಚಗಿರುತ್ತಿತ್ತು. ಅಷ್ಟೇ ವರ್ಷ ಬಾಳುತ್ತಿತ್ತು. ಉಪಯೋಗದ ಲೆಕ್ಕದಲ್ಲಿ ಮೂರು ದಿನದ ಶ್ರಮ ವ್ಯರ್ಥ. ಹಾಗಿದ್ದೂ ಬಿಚ್ಚಿದಳೆಂದರೆ, ಉಪಯೋಗವನ್ನು ಮೀರಿದ ಯಾವುದೋ ಒಂದು ನ್ಯಾಯಕ್ಕೆ ಆಕೆ ತಲೆಬಾಗಿದ್ದಳು. ಕವಿ ಒಂದು ಪದವನ್ನು ಹೊಡೆದುಹಾಕಿ ಇನ್ನೊಂದನ್ನು ಇಡುವಾಗ ಒಪ್ಪಿಕೊಳ್ಳುವುದೂ ಇದೇ ನ್ಯಾಯವನ್ನು. ನಮ್ಮ ಕಾವ್ಯಮೀಮಾಂಸೆ ಔಚಿತ್ಯವೆಂದು ಕರೆದದ್ದು ಇದಕ್ಕಿಂತ ಬಹಳ ದೂರದ್ದಲ್ಲ.

೧೯೮೨ರ ಜನವರಿ ೧೮ರಂದು ಮುಂಬಯಿಯ ಗಿರಣಿ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸದಿಂದ ಹೊರಗುಳಿದರು. ಅನೇಕರ ಪಾಲಿಗೆ ಗಿರಣಿಯ ಬಾಗಿಲು ಮತ್ತೆ ತೆರೆಯಲೇ ಇಲ್ಲ. ದೊಡ್ಡಪ್ಪನೂ ಅವರಲ್ಲಿ ಒಬ್ಬರು. ಅಲ್ಲಿಯವರೆಗೆ ಮನೆಯ ಕೆಲಸವಾಗಿದ್ದ ಕೌದಿ ಅಂದಿನಿಂದ ಹೊಟ್ಟೆಯ ಪಾಡಾಯಿತು. ಪರರ ಮನೆಯ ಹಳೆಯ ಬಟ್ಟೆಗಳನ್ನು ತಂದು ಹೊಲಿದುಕೊಡತೊಡಗಿದಳು. ಕೌದಿಯ ಅಗಲ ಉದ್ದ ನೋಡಿ ಕೂಲಿ. ಮೂಲೆ ಬಿಚ್ಚಿ ಹೊಲಿದದ್ದಕ್ಕೆ ಕೂಲಿಯಿಲ್ಲ. ಬಣ್ಣ ಹೊಂದಿಸಿದ್ದಕ್ಕೆ ಕೂಲಿಯಿಲ್ಲ. ಕೆಲಸಕ್ಕೆ ಬೆಲೆ ಕಟ್ಟುವಾಗ ಕಣ್ಣಿನ ಶ್ರಮವನ್ನು ಯಾರೂ ಎಣಿಸಲಿಲ್ಲ, ಬೆರಳಿನ ಶ್ರಮವನ್ನು ಮಾತ್ರ ಎಣಿಸಿದರು. ಕಲಾವಿದೆ ಎಂಬ ಶಬ್ದಕ್ಕೂ ಅಡುಗೆಮನೆಯ ಡಬ್ಬಿಗೂ ಇರುವ ಸಂಬಂಧ ನನಗೆ ಮೊದಲು ಹೊಳೆದದ್ದು ಆಗ. ಆ ಶಬ್ದ ಇಲ್ಲದೆಡೆ ನೋಟಕ್ಕೆ, ನಿರ್ಧಾರಕ್ಕೆ, ಅನುಭವಕ್ಕೆ ಬೆಲೆ ಕೇಳುವ ಬಾಯಿಯೂ ಇರುವುದಿಲ್ಲ.

ಆಗ ನಾನು ಕಾಲೇಜಿನಲ್ಲಿ ಓದುತ್ತಿದ್ದೆ. ನೀನು ಕಲಾವಿದೆಯಲ್ಲವೆ ದೊಡ್ಡವ್ವ ಎಂದು ಆಕೆಯನ್ನು ಕೇಳಿದ್ದುಂಟು. ನಕ್ಕುಬಿಟ್ಟಳು. "ಕಲಾವಿದ್ರು ಅಂದ್ರ ನಾಟಕದಾಗ ಪಾರ್ಟ್ ಮಾಡೋರು. ನಂದೇನೈತಿ, ಹರಕ ಅರಿವಿ ಕೂಡಿಸಿ ಹೊಲಿಯಾಕಿ. ನನಗ ಗೊತ್ತಿರೋ ಕಲಿ ಅಂದ್ರ ಅರಿವಿಗೆ ಹತ್ತೋದು" ಎಂದಳು. ತಮಾಷೆಗೆ ಆಡಿದ ಮಾತಾದರೂ ಅದರಲ್ಲಿ ಕನ್ನಡದ ಒಂದು ನಿಜವಿತ್ತು. ಸಂಸ್ಕೃತದಿಂದ ಬಂದ ಕಲೆ ಒಂದು, ಬಟ್ಟೆಗೆ ಹತ್ತುವ, ಮೈಮೇಲೆ ಗಾಯ ಉಳಿಸಿ ಹೋಗುವ ಕಲೆ ಇನ್ನೊಂದು. ಕೌದಿಯಲ್ಲಿ ಎರಡೂ ಕೂಡಿಯೇ ಇರುತ್ತವೆ. ಅರಿಸಿನದ ಕಲೆ, ಮಗುವಿನ ಹಾಲಿನ ಕಲೆ, ಗಿರಣಿಯ ಎಣ್ಣೆಯ ಕಲೆ. ಹೊಸ ಬಟ್ಟೆಯ ಮೇಲೆ ಕೆಲಸ ಮಾಡುವವನು ಖಾಲಿ ಹಾಳೆಯಿಂದ ಹೊರಡುತ್ತಾನೆ. ಕೌದಿಯವಳು ಬೇರೆಯವರ ಬಾಳಿನಿಂದ ತುಂಬಿದ ಹಾಳೆಯನ್ನು ಕೈಗೆತ್ತಿಕೊಳ್ಳುತ್ತಾಳೆ.

ಕಲೆ ಎಂಬ ಶಬ್ದದ ಚರಿತ್ರೆಯನ್ನು ನೋಡಿದರೆ ದೊಡ್ಡವ್ವನ ಸಂಕೋಚಕ್ಕೆ ಹಳೆಯ ಶಾಸ್ತ್ರದ ಆಧಾರವಿಲ್ಲ. ವಾತ್ಸ್ಯಾಯನನ ಕಾಮಸೂತ್ರ ಕೊಡುವ ಅರವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಗೀತ, ವಾದ್ಯ, ನೃತ್ಯ, ಆಲೇಖ್ಯಗಳ ಜೊತೆಯಲ್ಲಿ ಸೂಚೀವಾನಕರ್ಮ, ಅಂದರೆ ಸೂಜಿಯ ಕೆಲಸವೂ ಇದೆ. ಚಿತ್ರ ಬರೆಯುವುದು ಮೇಲು, ಹೊಲಿಯುವುದು ಕೀಳು ಎಂಬ ವಿಂಗಡಣೆ ಆ ಪಟ್ಟಿಯಲ್ಲಿ ಕಾಣುವುದಿಲ್ಲ. ಲಲಿತಕಲೆ ಮತ್ತು ಕರಕುಶಲ ಎಂಬ ಎರಡು ಕೋಣೆಗಳನ್ನು ಕಟ್ಟಿ, ನಡುವೆ ಗೋಡೆ ಎಬ್ಬಿಸಿದ್ದು ಯುರೋಪಿನ ಈಚಿನ ಶತಮಾನಗಳ ವಿಚಾರಕ್ರಮ. ವಸಾಹತು ಕಾಲದ ಕಲಾಶಾಲೆಗಳ, ವಸ್ತುಸಂಗ್ರಹಾಲಯಗಳ ಮೂಲಕ ಅದು ನಮ್ಮಲ್ಲಿಗೂ ಬಂದು ನೆಲೆನಿಂತಿತು.

ಆದರೆ ಆ ಗೋಡೆಯ ಈಚೆಗೂ ಇನ್ನೊಂದು ಗೋಡೆ ಇದೆ. ಅದನ್ನು ಕಟ್ಟಿದವರು ನಾವೇ. ಧಾರವಾಡ ಪ್ರಾಂತದ ಕಸೂತಿಯನ್ನು ನೋಡಿ. ಗವಂತಿ, ಮುರ್ಗಿ, ನೇಗಿ, ಮೆಂಥಿ ಎಂಬ ಅದರ ಹೊಲಿಗೆಗಳ ಹೆಸರುಗಳನ್ನು ನಮ್ಮ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಕಸೂತಿ ಹಾಕುವುದು ಇಳಕಲ್ ಸೀರೆಯ ಮೇಲೆ. ಅದೇ ಸೀರೆ ಇಪ್ಪತ್ತು ವರ್ಷ ಉಟ್ಟು ಹರಿದ ಮೇಲೆ ಕೌದಿಯ ಪದರವಾಗುತ್ತದೆ. ಹಾಕುವ ಕೈಯೂ ಅನೇಕ ವೇಳೆ ಒಂದೇ. ತಾರುಣ್ಯದಲ್ಲಿ ಸೆರಗಿನ ಮೇಲೆ ಗೋಪುರ, ತೇರು, ಆನೆಗಳನ್ನು ಮೂಡಿಸಿದವಳೇ ಮುಪ್ಪಿನಲ್ಲಿ ಅದೇ ಸೆರಗನ್ನು ಕತ್ತರಿಸಿ ಕೌದಿಗೆ ಜೋಡಿಸುತ್ತಾಳೆ. ಮೊದಲನೆಯದು ಕಲೆ, ಎರಡನೆಯದು ಮನೆಗೆಲಸ ಎಂದು ನಾವು ಯಾವ ನ್ಯಾಯದಿಂದ ಹೇಳುತ್ತೇವೆ? ನನಗೆ ತೋರುವ ಕಾರಣಗಳು ಮೂರು. ಕಸೂತಿ ಹೊಸ ಬಟ್ಟೆಯ ಮೇಲಿನದು, ಕೌದಿ ಹಳತರಿಂದ ಆದದ್ದು. ಕಸೂತಿ ಮದುವೆ ಹಬ್ಬಗಳಲ್ಲಿ ಹತ್ತು ಜನರ ಕಣ್ಣಿಗೆ ಬೀಳುತ್ತದೆ, ಕೌದಿ ಹಾಸಿಗೆಯ ಕತ್ತಲಲ್ಲಿ ಉಳಿಯುತ್ತದೆ. ಕಸೂತಿ ಸ್ವಲ್ಪಮಟ್ಟಿನ ಅನುಕೂಲವನ್ನು ಸೂಚಿಸುತ್ತದೆ, ಕೌದಿ ಇಲ್ಲದಿರುವಿಕೆಯನ್ನು ನೆನಪಿಸುತ್ತದೆ. ಅಂದರೆ ನಾವು ಕೆಲಸದ ಗುಣವನ್ನು ಅಳೆಯುವುದಕ್ಕೆ ಮೊದಲು ಬಟ್ಟೆಯ ವಯಸ್ಸನ್ನೂ ಮನೆಯ ಬಡತನವನ್ನೂ ಅಳೆದುಬಿಟ್ಟಿದ್ದೇವೆ.

ಈ ಪ್ರಶ್ನೆ ಬೇರೆ ನೆಲದಲ್ಲೂ ಎದ್ದಿದೆ. ಅಲ್ಲಿ ಏನಾಯಿತೆಂಬುದು ನಮಗೆ ಪಾಠವಾಗಬಲ್ಲದು. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ನದಿಯೊಂದು ಬಳಸಿ ಹರಿಯುವ ತಿರುವಿನೊಳಗೆ ಜೀಸ್ ಬೆಂಡ್ ಎಂಬ ಹಳ್ಳಿಯಿದೆ. ಅಲ್ಲಿಯವರು ಹತ್ತಿಯ ತೋಟದ ಗುಲಾಮರಾಗಿದ್ದ ಕಪ್ಪು ಜನರ ವಂಶದವರು. ಅನೇಕರ ಅಡ್ಡಹೆಸರು ಇಂದಿಗೂ ತೋಟದ ಒಡೆಯನಾಗಿದ್ದ ಪೆಟ್‌ವೇಯದೇ. ಆ ಹೆಂಗಸರು ಹೊಲದ ಕೆಲಸದಲ್ಲಿ ಸವೆದ ಪ್ಯಾಂಟು, ಅಂಗಿ, ಹಿಟ್ಟಿನ ಚೀಲಗಳಿಂದ ಕೌದಿಗಳನ್ನು ಹೊಲಿದರು. ಮಿಸೌರಿ ಪೆಟ್‌ವೇ ಎಂಬಾಕೆ ೧೯೪೨ರಲ್ಲಿ, ತೀರಿಕೊಂಡ ಗಂಡನ ಕೆಲಸದ ಬಟ್ಟೆಗಳನ್ನೇ ಕೂಡಿಸಿ, ಅವನ ನೆನಪನ್ನು ಹೊದ್ದು ಮಲಗಲೆಂದು ಒಂದು ಕೌದಿ ಮಾಡಿದಳು. ಅದು ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ನಮ್ಮ ಹಳ್ಳಿಗಳಲ್ಲಿ ಸತ್ತವರ ಧೋತರವನ್ನು ಕೌದಿಯ ಒಳಪದರಕ್ಕೆ ಇಟ್ಟ ಮನೆಗಳನ್ನು ಬಲ್ಲವರಿಗೆ ಈ ಕತೆ ಪರದೇಶದ್ದೆನಿಸುವುದಿಲ್ಲ.

೧೯೭೧ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯ ಅಮೆರಿಕದ ಹಳೆಯ ಕೌದಿಗಳನ್ನು ಆಧುನಿಕ ಅಮೂರ್ತ ಚಿತ್ರಗಳಂತೆ ಗೋಡೆಗೆ ತೂಗುಹಾಕಿ ಪ್ರದರ್ಶಿಸಿತು. ಕೌದಿಗಳು ಕಲೆಯೆಂದು ಪ್ರಸಿದ್ಧವಾದವು; ಹೊಲಿದವರು ಬಹುಪಾಲು ಅನಾಮಿಕರಾಗಿಯೇ ಉಳಿದರು. ಜೀಸ್ ಬೆಂಡಿನ ಕೌದಿಗಳ ಪ್ರದರ್ಶನ ೨೦೦೨ರಲ್ಲಿ ಹ್ಯೂಸ್ಟನ್ನಿನಲ್ಲಿ ಆರಂಭವಾಗಿ ಅದೇ ವಿಟ್ನಿಗೆ ಬಂದಾಗ ಪ್ರತಿಯೊಂದು ಕೌದಿಯ ಪಕ್ಕದಲ್ಲೂ ಹೊಲಿದವಳ ಹೆಸರಿತ್ತು. ಈ ಮೂವತ್ತೊಂದು ವರ್ಷಗಳ ಅಂತರದಲ್ಲಿ ನಡೆದ ದೊಡ್ಡ ಬದಲಾವಣೆ ಇದೇ. ೨೦೦೬ರಲ್ಲಿ ಆ ಕೌದಿಗಳ ಚಿತ್ರವುಳ್ಳ ಹತ್ತು ಅಂಚೆಚೀಟಿಗಳು ಹೊರಬಂದವು. ೨೦೧೫ರಲ್ಲಿ ಮೇರಿ ಲೀ ಬೆಂಡಾಲ್ಫ್, ಲೂಸಿ ಮಿಂಗೋ, ಲೊರೆಟ್ಟಾ ಪೆಟ್‌ವೇ ಈ ಮೂವರಿಗೆ ರಾಷ್ಟ್ರೀಯ ಪರಂಪರೆಯ ಗೌರವ ದೊರೆಯಿತು. ಆದರೆ ಹೆಸರು ಬಂದೊಡನೆ ಎಲ್ಲ ಸರಿಹೋಗಲಿಲ್ಲ. ಮಾರಾಟದ ಹಣ, ಮಾದರಿಗಳ ಮೇಲಿನ ಹಕ್ಕು ಇವುಗಳ ವಿಷಯದಲ್ಲಿ ೨೦೦೭ರಲ್ಲಿ ಕೆಲವು ಹೆಂಗಸರು ನ್ಯಾಯಾಲಯಕ್ಕೆ ಹೋದರು. ಮರುವರ್ಷ ಆ ದಾವೆಗಳು ರಾಜಿಯಲ್ಲಿ ಮುಗಿದವು. ಯಾರ ಪಕ್ಷ ಸರಿಯೆಂಬುದು ನನ್ನ ವಿಷಯವಲ್ಲ. ಕೇಳುವುದಕ್ಕೆ ಅವರಲ್ಲಿ ಧೈರ್ಯ ಬಂದದ್ದು ಮುಖ್ಯ. ಇದು ನನ್ನ ಕೆಲಸ ಎಂದು ಹೇಳಬಲ್ಲವಳು ಮಾತ್ರ ಇದಕ್ಕೆ ಲೆಕ್ಕ ಕೊಡಿ ಎಂದು ಕೇಳಬಲ್ಲಳು.

೧೯೯೦ರ ದಶಕದ ಕೊನೆಯಲ್ಲಿ ನಮ್ಮ ಮುಂಬಯಿಯಲ್ಲೇ ಜಾನಪದ ವಸ್ತುಗಳ ಒಂದು ಪ್ರದರ್ಶನ ನಡೆಯಿತು. ದೊಡ್ಡವ್ವನ ಕೌದಿಯೊಂದು ಮಧ್ಯವರ್ತಿಗಳ ಕೈಯಿಂದ ಕೈಗೆ ಹೋಗಿ ಅಲ್ಲಿ ಸೇರಿತ್ತು. ಆಕೆಯನ್ನು ಕರೆದುಕೊಂಡು ಹೋದೆ. ದೀಪದ ಬೆಳಕಿನಲ್ಲಿ, ಬಿಳಿಯ ಗೋಡೆಯ ಮೇಲೆ ಕೌದಿ ಹರಡಿಕೊಂಡಿತ್ತು. ಕೆಳಗಿನ ಚೀಟಿಯಲ್ಲಿ ಸಾಂಪ್ರದಾಯಿಕ ಕೌದಿ, ಉತ್ತರ ಕರ್ನಾಟಕ ಎಂದಿತ್ತು. ಅದರ ಕೆಳಗೆ ಸಂಗ್ರಾಹಕರ ಹೆಸರಿತ್ತು. ದೊಡ್ಡವ್ವ ಹತ್ತಿರ ಹೋಗಿ ಹಿಂಬದಿಯ ಹೊಲಿಗೆ ಹೇಗೆ ಉಳಿದಿದೆಯೆಂದು ನೋಡಲು ಅಂಚನ್ನು ಎತ್ತಿದಳು. ಕಾವಲಿಗಿದ್ದ ಹುಡುಗ ಓಡಿಬಂದು ಮುಟ್ಟಬಾರದೆಂದ. ಆಕೆ ಸಿಟ್ಟಾಗಲಿಲ್ಲ. ನನ್ನ ಕಡೆ ತಿರುಗಿ, "ಗ್ವಾಡಿಗ್ಯಾಕ ಹೊಚ್ಚ್ಯಾರ ತಂಗಿ? ಅದಕ್ಕೇನು ಥಂಡಿ ಹತ್ತೇತೇನು?" ಎಂದಳು. ಅಲ್ಲಿ ಬರೆದಿದ್ದ ಬೆಲೆ ಆಕೆಗೆ ಸಿಕ್ಕ ಕೂಲಿಯ ಹಲವು ಪಟ್ಟಾಗಿತ್ತು. ಚೀಟಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದು ಸಾಂಪ್ರದಾಯಿಕ ಕೌದಿಯೇ. ಆದರೆ ಮೂರು ದಿನದ ಹೊಲಿಗೆಯನ್ನು ಬಿಚ್ಚಿದ್ದು ಸಂಪ್ರದಾಯವಲ್ಲ, ಒಬ್ಬ ಹೆಂಗಸು. ಸಂಪ್ರದಾಯ ಎಂಬ ಶಬ್ದವನ್ನು ನಾವು ಗೌರವದಿಂದ ಬಳಸುವಾಗಲೇ ಅದರ ಹಿಂದೆ ಒಬ್ಬಳು ಮರೆಯಾಗಿಬಿಡುತ್ತಾಳೆ.

ಕನ್ನಡ ವಿದ್ವಾಂಸರಾದ ನಮಗೆ ಈ ಚೀಟಿ ಹೊಸದಾಗಿ ಕಾಣಬಾರದು. ೧೯೩೧ರಲ್ಲಿ ಹಲಸಂಗಿ ಗೆಳೆಯರು ಪ್ರಕಟಿಸಿದ ಗರತಿಯ ಹಾಡು ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿದ ಗ್ರಂಥ. ಬೀಸುವ ಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗಳಿಗೆ ಸಾಹಿತ್ಯದ ಮಾನ ದೊರೆತದ್ದು ಅಂಥ ಸಂಗ್ರಹಗಳಿಂದ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಇವರನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ಹಾಡಿದವರಿಗೆ ಉಳಿದದ್ದು ಗರತಿ ಎಂಬ ಸಾಮಾನ್ಯನಾಮ. ಜಾನಪದವೆಂದರೆ ಕರ್ತೃವಿಲ್ಲದ್ದು ಎಂಬ ಲಕ್ಷಣವನ್ನು ಆ ಕಾಲ ನಂಬಿತ್ತು. ಹಾಡು ನೂರು ಬಾಯಿಗಳನ್ನು ದಾಟಿ ಬರುವುದರಿಂದ ಅದಕ್ಕೆ ಸ್ವಲ್ಪ ಸಮರ್ಥನೆಯೂ ಇತ್ತು. ಕೌದಿಗೆ ಆ ಸಮರ್ಥನೆ ಸಲ್ಲದು. ಹಾಡು ಬಾಯಿಂದ ಬಾಯಿಗೆ ಹೋಗುತ್ತದೆ, ಕೌದಿ ಒಂದು ಕೈಯಲ್ಲಿ ಅಥವಾ ಒಂದು ಗ್ಯಾಲರಿಯಲ್ಲಿ ಕೂತ ನಾಲ್ಕು ಕೈಗಳಲ್ಲಿ ಮುಗಿಯುತ್ತದೆ. ಆ ಕೈಗಳು ಯಾರವೆಂದು ಕೇಳಿದರೆ ಉತ್ತರ ಸಿಗುತ್ತದೆ. ಬಂಗಾಳದ ಗುರುಸದಯ ದತ್ತರ ಸಂಗ್ರಹದಲ್ಲಿರುವ ಒಂದು ಕಾಂಥಾದ ಮೇಲೆ ಅದನ್ನು ಹೊಲಿದ ಮಾನದಾಸುಂದರಿ ತನ್ನ ಹೆಸರನ್ನು ದಾರದಲ್ಲೇ ಬರೆದಿದ್ದಾಳೆ. ಹತ್ತೊಂಬತ್ತನೆಯ ಶತಮಾನದ ಆ ಹೆಣ್ಣುಮಗಳಿಗೆ ಯಾವ ಕಲಾಶಾಲೆಯೂ ಸಹಿ ಹಾಕುವುದನ್ನು ಕಲಿಸಿರಲಾರದು.

ಕಲಾವಿದೆ ಎಂಬ ಶಬ್ದಕ್ಕೆ ಕಾನೂನಿನ ಬೆಲೆಯೂ ಇದೆ. ೧೯೫೭ರ ಭಾರತೀಯ ಕೃತಿಸ್ವಾಮ್ಯ ಕಾಯ್ದೆ ಕಲಾಕೃತಿಯನ್ನು ಲಕ್ಷಣಿಸುವ ರೀತಿ ಗಮನಾರ್ಹವಾದುದು. ವರ್ಣಚಿತ್ರ, ಶಿಲ್ಪ, ರೇಖಾಚಿತ್ರ, ಛಾಯಾಚಿತ್ರ ಮೊದಲಾದವು ಕಲಾಗುಣ ಇದ್ದರೂ ಇಲ್ಲದಿದ್ದರೂ ಕಲಾಕೃತಿಗಳೇ. ಉಳಿದ ಕೈಕೆಲಸ ಮಾತ್ರ ಕಲಾತ್ಮಕವಾದ ಕುಶಲಕರ್ಮವಾಗಿದ್ದರೆ ಆ ವರ್ಗಕ್ಕೆ ಸೇರುತ್ತದೆ. ಕೆಟ್ಟ ಚಿತ್ರವೂ ಕಲಾಕೃತಿಯಾಗಬಲ್ಲದು, ಕೌದಿ ಮಾತ್ರ ತನ್ನ ಕಲೆಯನ್ನು ಮೊದಲು ಸಿದ್ಧಪಡಿಸಿ ತೋರಿಸಬೇಕು. ಹಾಗೆ ತೋರಿಸಿದರೆ, ಅದೇ ಕಾಯ್ದೆಯ ೫೭ನೆಯ ಕಲಮು ಒಂದು ದೊಡ್ಡ ಹಕ್ಕನ್ನು ಕೊಡುತ್ತದೆ. ಕೃತಿಯ ಸ್ವಾಮ್ಯವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟ ಮೇಲೂ ಇದು ನಾನು ಮಾಡಿದ್ದು ಎಂದು ಹೇಳಿಕೊಳ್ಳುವ ಹಕ್ಕು ಕರ್ತೃವಿನಲ್ಲೇ ಉಳಿಯುತ್ತದೆ. ಭೌಗೋಳಿಕ ಗುರುತು ಊರಿಗೆ, ಸಮುದಾಯಕ್ಕೆ ಸಲ್ಲುವ ಮಾನ್ಯತೆ, ಅದು ಬೇಕು. ವ್ಯಕ್ತಿಗೆ ಸಲ್ಲಬೇ­ಕಾದುದನ್ನು ಅದು ತೀರಿಸುವುದಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಕಲಾವಿದೆ ಎನಿಸಿಕೊಂಡವಳು ಬಳಕೆಗೆಂದು ಹೊಲಿಯುವುದನ್ನು ಬಿಟ್ಟು ಗೋಡೆಗೆಂದು ಹೊಲಿಯತೊಡಗಿದರೆ ಕೌದಿಯ ಜೀವವೇ ಹೋಗುತ್ತದೆ ಎಂಬುದು ಒಂದು. ಗ್ಯಾಲರಿಯಲ್ಲಿ ಕೂಡಿ ಕೂತು ಹೊಲಿದ ಹೆಂಗಸರ ನಡುವೆ ನಿನ್ನದು ನನ್ನದೆಂಬ ಭೇದ ಬರುತ್ತದೆ ಎಂಬುದು ಇನ್ನೊಂದು. ಇಲ್ಲಿ ಸಿದ್ದಿಯರ ಕವಂದಿ ನನಗೆ ಧೈರ್ಯ ಕೊಡುತ್ತದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯಲ್ಲಿ ನೆಲೆಸಿರುವ, ಆಫ್ರಿಕಾ ಮೂಲದ ಈ ಜನರಲ್ಲಿ ಕವಂದಿಯ ಹೊಲಿಗೆ ಅಂಚಿನಿಂದ ಹೊರಟು ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ಮಾಡಿದ ಫೂಲ, ಅಂದರೆ ಹೂ, ಇರಲೇಬೇಕು. ಅದಿಲ್ಲದ ಕವಂದಿ ಬತ್ತಲೆ ಎಂದು ಅವರು ಭಾವಿಸುತ್ತಾರೆ. ಆ ಹೂವಿನಿಂದ ಹೆಚ್ಚಿನ ಬೆಚ್ಚಗೇನೂ ಬಾರದು. ೨೦೧೧ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ಅದಕ್ಕೆ ಎಷ್ಟೋ ಮೊದಲಿಂದ, ತಮ್ಮ ಮಕ್ಕಳು ಮಲಗುವ ಹೊದಿಕೆಗೇ ಹೂವಿಡುತ್ತಿದ್ದವರು ಅವರು. ಹಾಸಿಗೆಗೂ ಕಲೆಗೂ ವೈರವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಕಲೆಯೆಂದರೆ ಬಳಸದೆ ನೋಡುವಂಥದು ಎಂಬ ಸಂಕುಚಿತ ಅರ್ಥವನ್ನು ತಿದ್ದಿಕೊಳ್ಳಬೇಕಾದವರು ನಾವು. ಆ ಅರ್ಥಕ್ಕೆ ತಕ್ಕಂತೆ ಕೌದಿಯವಳು ತನ್ನ ಕೆಲಸವನ್ನು ತಿದ್ದಿಕೊಳ್ಳಬೇಕಾಗಿಲ್ಲ.

ಅಹಂಕಾರದ ಭಯಕ್ಕೂ ನಮ್ಮ ಪರಂಪರೆಯಲ್ಲೇ ಉತ್ತರವಿದೆ. ಜೇಡರ ದಾಸಿಮಯ್ಯ ನೇಯ್ದವನು. ಆ ಶರಣರ ಬಳಗದಲ್ಲಿ ಕೈಯ ಕೆಲಸಕ್ಕೆ ಕಾಯಕವೆಂಬ ಹೆಸರು ಬಂತು. ಕಾಯಕ ಮಾಡಿದವರು ಮೂಕರಾಗಿ ಉಳಿಯದೆ ವಚನವನ್ನೂ ಹೇಳಿದರು, ವಚನಕ್ಕೆ ಅಂಕಿತವನ್ನೂ ಇಟ್ಟರು. ಅಂಕಿತ ಬಹಳ ಸೂಕ್ಷ್ಮವಾದ ವ್ಯವಸ್ಥೆ. ಅದು ಇಟ್ಟವರ ಹೆಸರನ್ನು ಹೇಳುವುದಿಲ್ಲ, ಅವರ ಇಷ್ಟದೈವದ ಹೆಸರನ್ನು ಹೇಳುತ್ತದೆ. ಹಾಗಿದ್ದೂ ವಚನ ಯಾರದೆಂದು ತಿಳಿಸಿಬಿಡುತ್ತದೆ. ತನ್ನನ್ನು ಮೆರೆಸದೆ ತನ್ನ ಕೆಲಸಕ್ಕೆ ತಾನು ಹೊಣೆಯೆಂದು ನಿಲ್ಲುವ ದಾರಿ ಅದು. ಕೌದಿಯವಳಿಗೆ ಬೇಕಾದ ಕಲಾವಿದೆಯ ಪದವಿ ಇಂಥದೆಂದು ನನ್ನ ಭಾವನೆ. ಆದರೆ ಕಾಯಕವೆಂಬ ಪವಿತ್ರ ಶಬ್ದವನ್ನು ತೋರಿಸಿ ಕೂಲಿ ಕಡಿಮೆ ಮಾಡುವವರೂ ನಮ್ಮಲ್ಲಿದ್ದಾರೆ. ಕಾಯಕವೆಂದರೆ ಕೇಳದೆ ದುಡಿಯುವುದು ಎಂಬ ಅರ್ಥವನ್ನು ದುಡಿಸಿಕೊಳ್ಳುವವರು ಹುಟ್ಟಿಸಿದ್ದು.

ದೊಡ್ಡವ್ವ ಈಗಿಲ್ಲ. ಆಕೆಯ ಹೆಸರನ್ನು ಇಲ್ಲಿ ಬರೆದಿಲ್ಲವೇಕೆಂದು ಓದುಗರು ಕೇಳಬಹುದು. ಒಂದು ದಿನ ಬರೆಯುತ್ತೇನೆಂದು ಆಕೆಗೆ ಹೇಳಿದ್ದೆ. "ಕೌದಿ ಬಗ್ಗೆ ಬೇಕಾದ್ದು ಬರಿ. ನನ್ನ ಹೆಸರು ಪುಸ್ತಕದಾಗ ಬ್ಯಾಡ. ಹೊಚಗೊಂಡೋರಿಗೆ ಗೊತ್ತೈತಿ, ಸಾಕು" ಎಂದಿದ್ದಳು. ಆ ಮಾತನ್ನು ಮೀರುವ ಅಧಿಕಾರ ನನಗಿಲ್ಲ. ಹೆಸರು ಹೇಳಿಸಿಕೊಳ್ಳುವ ಹಕ್ಕಿನಲ್ಲಿ ಹೇಳಿಸಿಕೊಳ್ಳದಿರುವ ಹಕ್ಕೂ ಸೇರಿದೆ. ಪ್ರದರ್ಶನದ ಚೀಟಿಯಲ್ಲಿ ಆಕೆಯ ಹೆಸರಿಲ್ಲದ್ದಕ್ಕೂ ಈ ಲೇಖನದಲ್ಲಿ ಇಲ್ಲದ್ದಕ್ಕೂ ಇರುವ ವ್ಯತ್ಯಾಸ ಇಷ್ಟೆ: ಅಲ್ಲಿ ಆಕೆಯನ್ನು ಯಾರೂ ಕೇಳಿರಲಿಲ್ಲ.

ಹೀಗಾಗಿ ಮೊದಲಿನ ಪ್ರಶ್ನೆಗೆ ನನ್ನ ಉತ್ತರ, ಹೌದು, ಭಾವಿಸಿಕೊಳ್ಳಬೇಕು ಎಂಬುದೇ. ಪ್ರಶಸ್ತಿಗಾಗಿ ಅಲ್ಲ, ಗೋಡೆಗಾಗಿಯೂ ಅಲ್ಲ. ಬಣ್ಣ ಹೊಂದದ ಮೂಲೆಯನ್ನು ಬಿಚ್ಚಿದ ಹೊತ್ತಿಗೂ ಕೂಲಿ ಕೇಳುವುದಕ್ಕಾಗಿ. ತನ್ನ ಮಾದರಿಯನ್ನು ಕಾರ್ಖಾನೆಯವನು ಬಟ್ಟೆಯ ಮೇಲೆ ಅಚ್ಚು ಹಾಕಿ ಮಾರಿದರೆ ಇದು ನನ್ನದೆನ್ನುವುದಕ್ಕಾಗಿ. ಮಗಳಿಗೆ ಸೂಜಿ ಕೊಡುವಾಗ ಬಡತನವನ್ನು ಕೊಡುತ್ತಿದ್ದೇನೆಂದು ನಾಚದೆ ವಿದ್ಯೆ ಕೊಡುತ್ತಿದ್ದೇನೆಂದು ತಿಳಿಯುವುದಕ್ಕಾಗಿ. ನಮ್ಮ ವಿಭಾಗದಿಂದ ಕ್ಷೇತ್ರಕಾರ್ಯಕ್ಕೆ ಹೋಗುವ ತರುಣ ತರುಣಿಯರಲ್ಲಿ ನನ್ನದೊಂದು ವಿನಂತಿ. ಕೌದಿಯ ಅಳತೆ, ಹೊಲಿಗೆ, ವಿನ್ಯಾಸಗಳನ್ನು ದಾಖಲಿಸುವ ಕಾಗದದ ಮೊದಲ ಸಾಲಿನಲ್ಲಿ ಹೊಲಿದವಳ ಹೆಸರಿಗೆ ಜಾಗವಿರಲಿ. ಎಷ್ಟು ಮಂದಿ ಕೂಡಿ ಹೊಲಿದರೋ ಅಷ್ಟೂ ಮಂದಿಯ ಹೆಸರು ಇರಲಿ. ಯಾರ ಸೀರೆ, ಯಾರ ಧೋತರ, ಯಾವುದನ್ನು ಏಕೆ ಬಿಚ್ಚಿದಿರಿ ಎಂದು ಕೇಳಿ. ಹೆಸರು ಬರೆಯಲೇ ಎಂದೂ ಕೇಳಿ. ಬೇಡವೆಂದರೆ ಆ ಜಾಗವನ್ನು ಖಾಲಿ ಬಿಡಿ. ಸಂಪ್ರದಾಯ ಎಂಬ ಶಬ್ದದಿಂದ ಅದನ್ನು ತುಂಬಬೇಡಿ.